ನೆದರ್ಲೆಂಡ್ಸಿನ ನೈಮೇಖನ್ ಊರಿನ ಓಮಾಗೆ, ಮತ್ತು ನಿಮಗೆಲ್ಲರಿಗೂ

ಫೀರ್‌ದಾಖ್ಸೆ ನಡಿಗೆಯ ಪದಕ ಬಂದು ಮೂರು ವಾರವಾಯಿತು. ಫೋಟೊ ನೋಡಿ ನೀವೆಲ್ಲ ಬರೆದದ್ದನ್ನು ಒಂದೂ ಬಿಡದೆ ಓದಿದ್ದೇನೆ. ಉತ್ತರ ಬರೆಯಲು ಕೂತಾಗೆಲ್ಲ ಆ ಬುಧವಾರದ ರಾತ್ರಿ ನೆನಪಾಗಿ ಕೈ ನಿಂತುಬಿಡುತ್ತಿತ್ತು. ಇವತ್ತು ಅದನ್ನೂ ಸೇರಿಸಿಯೇ ಬರೆಯುತ್ತೇನೆ.

ಫೀರ್‌ದಾಖ್ಸೆ ಅಂದರೆ ನಾಲ್ಕು ದಿನದ ನಡಿಗೆ. 1909ರಿಂದ ನಡೆದುಬಂದದ್ದು, ಜುಲೈ ಮೂರನೇ ಮಂಗಳವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ನಮ್ಮದು ದಿನಕ್ಕೆ 40 ಕಿಲೋಮೀಟರ್. ಒಂದು ದಿನ ತಪ್ಪಿದರೂ ಪದಕ ಇಲ್ಲ. 40,000ಕ್ಕೂ ಹೆಚ್ಚು ಜನ ನೈಮೇಖನ್‌ಗೆ ಬಂದಿಳಿಯುವ ಆ ವಾರ ಊರಿನವರು ತಮ್ಮ ಮನೆಯ ಕೋಣೆಗಳನ್ನೇ ಬಿಟ್ಟುಕೊಡುತ್ತಾರೆ. ಹಾಗೆ ನಮಗೆ ಸಿಕ್ಕವರು ಎಪ್ಪತ್ತಾರು ವರ್ಷದ ಓಮಾ. ಡಚ್ಚಿನಲ್ಲಿ ಓಮಾ ಅಂದರೆ ಅಜ್ಜಿ. ಹಾಗೇ ಕರೆಯಿರಿ ಅಂತ ಅವರೇ ಹೇಳಿದ್ದರು.

ಅದಕ್ಕೂ ಮೊದಲು ಈ ಬೇಸಿಗೆಯನ್ನು ಬೇಸಿಗೆಯಾಗಿಸಿದವರು ಬೇಕಾದಷ್ಟು ಮಂದಿ: ಹೋಖೆ ವೇಲುವೆ ಕಾಡಿನಲ್ಲಿ ಪುಕ್ಕಟೆ ಸಿಗುವ ಬಿಳಿ ಸೈಕಲ್ ಹತ್ತಿಸಿ ಇಡೀ ದಿನ ಸುತ್ತಿಸಿದ ಆಫೀಸಿನವರು, ಉಪ್ಪಿನಲ್ಲಿ ಮಾಗಿದ ಜೂನ್ ತಿಂಗಳ ಹೊಸ ಹೆರಿಂಗ್ ಮೀನಿಗೆ ಈರುಳ್ಳಿ ಉದುರಿಸಿ ಕುಂದಾಪುರದವರಾದ ನಮ್ಮ ಯಜಮಾನರ ಕೈಗಿತ್ತ ಗೆಳೆಯರು, ಬೇಟ್ಯುವೆಯ ತೋಟದಿಂದ ಚೆರ್ರಿ ಹಣ್ಣು ತಂದು ಬಾಗಿಲಲ್ಲಿಟ್ಟು ಹೋದ ಪಕ್ಕದ ಮನೆಯವರು, ರಾತ್ರಿ ಹತ್ತರ ಬೆಳಕಿನವರೆಗೂ ನಮ್ಮ ಜೊತೆ ನಡೆದು ಕಾಲು ಪಳಗಿಸಿದವರು. ನಿಮಗೆಲ್ಲ ಮನಸಾರೆ ಧನ್ಯವಾದ.

ಇನ್ನು ಆ ರಾತ್ರಿ. ಅಪ್ಪನಿಗೆ ಏನಾಯಿತೆಂದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಅಣ್ಣನ ಫೋನು ಬಂದದ್ದು ಇಲ್ಲಿ ಹನ್ನೊಂದೂವರೆಗೆ, ಸಾಗರದಲ್ಲಿ ಬೆಳಗಿನ ಜಾವ ಮೂರು. ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದೇವೆ ಅಂದ. ಎರಡು ದಿನ ನಡೆದು ನನ್ನ ಎರಡೂ ಹಿಮ್ಮಡಿಯಲ್ಲಿ ನೀರುಗುಳ್ಳೆ. ಮಂಚದಿಂದಿಳಿದು ನಿಲ್ಲಲೂ ಆಗಲಿಲ್ಲ. ಇವರು ಕೆಳಗೆ ಕೂತು ವಿಮಾನದ ಟಿಕೆಟ್ ಹುಡುಕುತ್ತಿದ್ದರು.

ಓಮಾ ಮೇಲೆ ಬಂದರು. ಏನನ್ನೂ ಕೇಳಲಿಲ್ಲ. ದೀಪ ಹಾಕಿ, ಬಿಸಿನೀರಿನ ಬೋಗುಣಿ ಇಟ್ಟು, ನೆಲದ ಮೇಲೆ ಕೂತು ನನ್ನ ಕಾಲನ್ನು ತಮ್ಮ ಮಡಿಲಿಗೆಳೆದುಕೊಂಡರು. ನಾನು ಹಿಂದಕ್ಕೆಳೆದುಕೊಂಡೆ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುತ್ತಾ ಬೆಳೆದವಳು ನಾನು. ನನ್ನ ಅಜ್ಜಿಯ ವಯಸ್ಸಿನವರು ನನ್ನ ಕಾಲು ಮುಟ್ಟುವುದೆಂದರೇನು! ಅವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಮತ್ತೆ ಎಳೆದುಕೊಂಡರು, ಈ ಸಲ ಬಿಗಿಯಾಗಿ. ಗುಳ್ಳೆ ಒರೆಸಿ, ಮುಲಾಮು ಹಚ್ಚಿ, ನಡೆಯುವವರಿಗೆಂದೇ ಇಲ್ಲಿ ಮಾರುವ ಕುರಿಯುಣ್ಣೆಯನ್ನು ಬಿಡಿಸಿ ಬಿಡಿಸಿ ಒಂದೊಂದು ಬೆರಳಿನ ಸಂದಿಗೂ ಇಟ್ಟರು.

ಆಗ ಅತ್ತುಬಿಟ್ಟೆ. ಅಪ್ಪ ಆಸ್ಪತ್ರೆಯ ದಾರಿಯಲ್ಲಿದ್ದಾಗ ಮಗಳು ಪರದೇಶದಲ್ಲಿ ಖುಷಿಗಾಗಿ ನಡೆಯುತ್ತಿದ್ದಳು ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಅತ್ತೆ. ಅಷ್ಟೂ ಕನ್ನಡದಲ್ಲೇ. ಅವರಿಗೆ ಒಂದಕ್ಷರ ತಿಳಿಯದಿದ್ದರೂ ಪ್ರತಿ ಮಾತಿಗೂ ‘ಯಾ, ಯಾ’ ಎನ್ನುತ್ತಾ ಕೇಳಿದರು. ಕೊನೆಗೆ ಹೇಳಿದ್ದು ಒಂದೇ ಮಾತು: ‘ಸ್ಟೆರ್ಕ್ತೆ.’ ಕಷ್ಟದಲ್ಲಿರುವವರಿಗೆ ಇಲ್ಲಿ ಹಾಗನ್ನುತ್ತಾರೆ, ಶಕ್ತಿ ಬರಲಿ ಅಂತ. ಆಮೇಲೆ ಎದ್ದು ಹೋಗಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲೇ ಕೂತರು.

ಎರಡೂವರೆಗೆ ಮತ್ತೆ ಫೋನು. ಅಣ್ಣ ಅಪ್ಪನ ಕಿವಿಗೇ ಹಿಡಿದಿದ್ದ. ‘ಹೊರಟಿದ್ದನ್ನು ಮುಗಿಸು ಮಗಳೇ, ಆಮೇಲೆ ಬಾ’ ಅಂದರು. ದನಿ ಸಣ್ಣಗಿತ್ತು, ಆದರೆ ಅಪ್ಪನದೇ.

ಗುರುವಾರ ಖ್ರೂಸ್‌ಬೇಕ್ ಕಡೆಯ ದಾರಿ, ಏಳು ಗುಡ್ಡಗಳ ರಸ್ತೆ. ಎರಡನೇ ಮಹಾಯುದ್ಧದಲ್ಲಿ ಮಡಿದ 2,300ಕ್ಕೂ ಹೆಚ್ಚು ಯೋಧರು ಮಲಗಿರುವ ಕೆನಡಾ ಸಮಾಧಿಭೂಮಿ ಅಲ್ಲೇ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಅವರಿಗೂ ದೂರದಲ್ಲಿ ಅಪ್ಪ ಅಮ್ಮ ಇದ್ದರಲ್ಲ ಅನ್ನಿಸಿತು. ಅದನ್ನು ದಾಟಿ ಮುಂದೆ ಬಂದರೆ ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಓಮಾ! ರಾತ್ರಿಯಿಡೀ ಕಣ್ಣು ಮುಚ್ಚದವರು ಸೈಕಲ್ ತುಳಿದುಕೊಂಡು ಬಂದಿದ್ದರು. ಸಿಪ್ಪೆ ತೆಗೆದ ಸೌತೆಕಾಯಿ ಕೈಗಿಟ್ಟು, ಶೂ ಬಿಚ್ಚಿಸಿ, ಉಣ್ಣೆ ಬದಲಿಸಿ ಕಳಿಸಿದರು.

ಶುಕ್ರವಾರ ಮಾಸ್ ನದಿಯ ಮೇಲೆ ತೇಲುಸೇತುವೆ ಕಟ್ಟಿಕೊಟ್ಟ ಸೈನಿಕರು, ಪೈಪಿನಿಂದ ನೀರು ಚಿಮುಕಿಸಿದ ಮಕ್ಕಳು, ಐಂಡ್‌ಹೋವನ್‌ನಿಂದ ಮೊಸರನ್ನ ಕಟ್ಟಿಕೊಂಡು ಬಂದ ನಮ್ಮವರು, ನಿಮ್ಮನ್ನೂ ಮರೆತಿಲ್ಲ. ವಿಯಾ ಗ್ಲಾಡಿಯೋಲಾ ಎಂದು ಕರೆಯುವ ಕೊನೆಯ ರಸ್ತೆಯಲ್ಲಿ ನೀವು ಕೊಟ್ಟ ಗ್ಲಾಡಿಯೋಲಸ್ ಹೂಗಳನ್ನೆಲ್ಲ ಒಯ್ದು ಓಮಾ ಕೈಗೆ ಕೊಟ್ಟೆ. ಕೆಳಗೆ ಒಬ್ಬರೇ ಕೂತು ಟಿಕೆಟ್ ಹುಡುಕಿ, ಮರುದಿನ ಬೆಳಿಗ್ಗೆ ಒಂದು ಮಾತೂ ಆಡದೆ ನನ್ನ ಚೀಲವನ್ನೂ ಹೊತ್ತು ನಡೆದ ಇವರಿಗೆ ಏನು ಹೇಳಲಿ, ಅವರಿಗೆ ಗೊತ್ತಿದೆ.

ಭಾನುವಾರವೇ ಊರಿಗೆ ಹೊರಟೆ. ಅಪ್ಪ ಈಗ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದಾರೆ. ಪದಕ ಅವರ ಹತ್ತಿರವೇ ಬಿಟ್ಟುಬಂದೆ.

ಓಮಾ, ಈ ವಾರ ಬಂದು ಇದನ್ನು ನಿಮಗೆ ಡಚ್ಚಿನಲ್ಲಿ ಓದಿ ಹೇಳುತ್ತೇನೆ. ಅಮ್ಮ ನಿಮಗೆಂದು ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟಿದ್ದಾರೆ, ಖಾರ ಕಡಿಮೆ ಹಾಕಿ. ಬ್ರೆಡ್ ತರಬೇಡಿ, ಅನ್ನ ನಾನು ಮಾಡುತ್ತೇನೆ.