ಪದ ಯಾವುದು, ಅರ್ಥ ಯಾವುದು?

ಮಾನ್ಯ ಸಂಪಾದಕರೇ,

ಕಳೆದ ವಾರ ನೆರೆಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಆ ಮನೆಯ ಹುಡುಗ, “ಮಾಷ್ಟ್ರೇ, ಈ ಕಂಪೆನಿಗೆ 400 ಕೋಟಿಯ ಆರ್ಡರ್ ಸಿಕ್ಕಿದೆ” ಎಂದು ಮೊಬೈಲ್ ಚಾಚಿದ. ಅಡಿಕೆ ಮಾರಿದ ದುಡ್ಡಿನಲ್ಲಿ 60,000 ರೂಪಾಯಿಯ ಷೇರು ಆಗಲೇ ಕೊಂಡಾಗಿತ್ತು. ಮೊಬೈಲಿನಲ್ಲಿದ್ದದ್ದು ಯಾರೋ ಬರೆದು ಹಂಚಿದ ನಾಲ್ಕು ಸಾಲು. ಕಂಪೆನಿ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಮೂಲ ಪತ್ರವನ್ನೇ ತೆಗೆಸಿ ಓದಿದೆ. ಎರಡು ಪುಟ. ‘ಆರ್ಡರ್’ ಎಂಬ ಶಬ್ದವೇ ಅದರಲ್ಲಿಲ್ಲ. ಇದ್ದದ್ದು ತಿಳಿವಳಿಕೆ ಒಪ್ಪಂದ. ಅದಕ್ಕೆ ಎರಡೂ ಕಡೆಯವರು ಬದ್ಧರಲ್ಲ ಎಂದು ಎರಡನೆಯ ಪುಟದ ಅಡಿಯಲ್ಲಿ ಬರೆದಿತ್ತು. 400 ಕೋಟಿ ಎಂಬುದು ಐದು ವರ್ಷಗಳಲ್ಲಿ ಆದರೆ ಆಗಬಹುದಾದ ವ್ಯವಹಾರದ ಅಂದಾಜು. ಅಡಿಕೆಯ ಕರೆ ಹತ್ತಿದ ಹೆಬ್ಬೆರಳಿನಿಂದ ಹುಡುಗ ಆ ಸಾಲನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದ.

ನಮ್ಮ ಕಡೆಯವರಿಗೆ ಈ ವ್ಯತ್ಯಾಸ ಹೊಸತಲ್ಲ. ವೇಷವಿಲ್ಲದೆ, ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ ನಾಲ್ಕೇ ಸಾಲು. ಪಾತ್ರವಾಗಿ ಅದಕ್ಕೆ ಅರ್ಥ ಹೇಳುವ ಅರ್ಥಧಾರಿ ಅದನ್ನು ಅರ್ಧ ಗಂಟೆ ಬೆಳೆಸುತ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳುತ್ತಾ ಬೆಳೆದವನು ನಾನು. ಅವರ ಮಾತಿಗೆ ಮೈಮರೆತಾಗಲೂ ಪದದಲ್ಲಿರುವುದೆಷ್ಟು, ಅವರು ಬೆಳೆಸಿದ್ದೆಷ್ಟು ಎಂಬುದು ಚಾಪೆಯ ಮೇಲೆ ಕುಳಿತ ಅಜ್ಜಿಯಂದಿರಿಗೂ ಗೊತ್ತಿರುತ್ತಿತ್ತು. ಷೇರಿನ ಮಾತಿನಲ್ಲಿ ಮಾತ್ರ ಅರ್ಥವೇ ಪದವಾಗಿಬಿಡುತ್ತಿದೆ. ಅರ್ಥ ಹೇಳುವುದು ತಪ್ಪಲ್ಲ. ‘ಇದು ಮುಂದೆ ಆರ್ಡರ್ ಆದೀತೆಂದು ನನಗನ್ನಿಸುತ್ತದೆ, ಕಾರಣ ಇಂಥದ್ದು’ ಎಂದರೆ ಕೇಳೋಣ, ಎದುರು ವಾದಿಸೋಣ.

ಕಂಪೆನಿಯ ಪತ್ರದಲ್ಲಿರುವುದೆಲ್ಲ ಸಂಗತಿಯೆಂದೂ ನಾನು ಹೇಳುತ್ತಿಲ್ಲ. ‘ಮಾರಾಟ ದುಪ್ಪಟ್ಟಾಗುವ ನಿರೀಕ್ಷೆಯಿದೆ’ ಎಂದು ಆಡಳಿತದವರು ಬರೆದರೆ, ಅವರು ಹಾಗೆ ಬರೆದರು ಎಂಬುದಷ್ಟೇ ಸಂಗತಿ. ಲಾಭ ಹೆಚ್ಚಿತು ಎಂಬ ಅಂಕಿ ನಿಜವೇ ಇರಬಹುದು. ಹೆಚ್ಚಿದ್ದು ಸರಕು ಮಾರಿಯೋ, ಜಾಗ ಮಾರಿಯೋ ಎಂಬುದಕ್ಕೆ ‘ಇತರ ಆದಾಯ’ದ ಸಾಲನ್ನೂ ಅಡಿಟಿಪ್ಪಣಿಯನ್ನೂ ನೋಡಬೇಕು.

ಮೂಲ ಪತ್ರ ಸಿಗುವುದು ಕಷ್ಟವೂ ಅಲ್ಲ. ನಿರ್ದೇಶಕ ಮಂಡಳಿಯ ಮುಖ್ಯ ತೀರ್ಮಾನಗಳನ್ನು ಸಾಮಾನ್ಯವಾಗಿ ಸಭೆ ಮುಗಿದ 30 ನಿಮಿಷಗಳೊಳಗೆ, ಕಂಪೆನಿಯೊಳಗೇ ಹುಟ್ಟಿದ ಇತರ ಮಹತ್ವದ ಸಂಗತಿಗಳನ್ನು 12 ಗಂಟೆಗಳೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2015ರ ನಿಯಮಾವಳಿಗೆ 2023ರಲ್ಲಿ ತಿದ್ದುಪಡಿಯಾಗಿದೆ. ಆ ಪತ್ರಗಳನ್ನು ಬಿಎಸ್‌ಇ, ಎನ್‌ಎಸ್‌ಇ ಎಂಬ ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಯಾರೂ ದುಡ್ಡು ಕೊಡದೆ ಓದಬಹುದು. ತೊಡಕು ಒಂದೇ, ಅವೆಲ್ಲ ಇಂಗ್ಲಿಷಿನಲ್ಲಿವೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ವಾಣಿಜ್ಯ ಪುಟದಲ್ಲಿ ಕಂಪೆನಿ ಹೇಳಿದ್ದನ್ನು ಮೊದಲು ಕನ್ನಡದಲ್ಲಿ, ತಾರೀಕಿನ ಸಮೇತ, ಅಷ್ಟನ್ನೇ ಹಾಕಿ. ತಜ್ಞರ ಅಭಿಪ್ರಾಯವನ್ನು ಅದರ ಕೆಳಗೆ ಬೇರೆಯಾಗಿ, ಹೇಳಿದವರ ಹೆಸರಿನೊಂದಿಗೆ ಕೊಡಿ. ‘ಒಪ್ಪಂದ’ಕ್ಕೆ ತಲೆಬರಹದಲ್ಲಿ ‘ಆರ್ಡರ್’ ಎನ್ನಬೇಡಿ. ಆ ಹುಡುಗನಿಗಾದರೆ ಇಂಗ್ಲಿಷ್ ಬರುತ್ತದೆ. ಅವನ ತಂದೆ ಓದುವುದು ಕನ್ನಡವೊಂದನ್ನೇ, ಅದೂ ತಮ್ಮ ಪತ್ರಿಕೆಯನ್ನು. ಆ 60,000 ರೂಪಾಯಿ ಅವರದು.

– ನಿವೃತ್ತ ಅಧ್ಯಾಪಕ, ನೀರ್ಚಾಲು, ಕಾಸರಗೋಡು ಜಿಲ್ಲೆ