ಎಣ್ಣೆ ಪ್ಯಾಕೆಟ್ಟಿನ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ'

ಮಾನ್ಯ ಸಂಪಾದಕರೇ,

ಮೊನ್ನೆ ನಮ್ಮ ಓಣಿಯ ಅಂಗಡಿಯಲ್ಲಿ ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು ಪಾಮ್ ಎಣ್ಣೆ ಪ್ಯಾಕೆಟ್ ಎತ್ತಿಕೊಂಡು, 'ಇದರಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದಿದೆ, ಇದೇ ಕೊಡಿ' ಎಂದಳು. ಗಂಡನ ರಕ್ತದ ರಿಪೋರ್ಟಿನಲ್ಲಿ, ಜನ 'ಕೆಟ್ಟ ಕೊಲೆಸ್ಟ್ರಾಲ್' ಅನ್ನುವ ಎಲ್‌ಡಿಎಲ್ ಜಾಸ್ತಿ ಬಂದಿದೆಯಂತೆ. ಪ್ಯಾಕೆಟ್ ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಅದು 'ಈ ಬಾಳೆಹಣ್ಣಿನಲ್ಲಿ ಮೂಳೆ ಇಲ್ಲ' ಅಂತ ಬರೆದ ಹಾಗೆ. ಗಿಡಮರದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ, ಕೊಬ್ಬರಿ ಎಣ್ಣೆ, ಯಾವುದರಲ್ಲೂ ಇಲ್ಲ. ಅದು ಪ್ರಾಣಿಗಳ ಮೈಯಲ್ಲಿ ಆಗುವ ಸರಕು.

ನಾನು ಮೂವತ್ತು ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವನು. ರಿಪೋರ್ಟ್ ಕೊಡುವಾಗ ಜನ ಕೇಳುತ್ತಿದ್ದದ್ದು ಒಂದೇ: 'ಕೊಲೆಸ್ಟ್ರಾಲ್ ಇದೆಯಾ ಸಾರ್?' 'ಇದೆ, ಇರಲೇಬೇಕು' ಅಂದರೆ ಮುಖ ಸಣ್ಣಗಾಗುತ್ತಿತ್ತು. ಅದೇನೋ ಹೊರಗಿನಿಂದ ಬಂದು ಸೇರಿಕೊಂಡ ರೋಗ ಅನ್ನುವ ಭಾವನೆ. ಇನ್ನು ಕೆಲವರು, 'ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ, ನಮಗೆ ಹೇಗೆ ಬಂತು?' ಅಂತ ನನ್ನನ್ನೇ ಗದರಿಸುತ್ತಿದ್ದರು. ಸ್ವಾಮೀ, ಅದು ಬಂದದ್ದು ನಿಮ್ಮ ಲಿವರಿನಿಂದ. ಮೈಯಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ತಟ್ಟೆಯಿಂದ ಬರುವುದು ಸಣ್ಣ ಪಾಲು.

ಕೊಲೆಸ್ಟ್ರಾಲ್ ಅಂದರೆ ಮೇಣದಂಥ ವಸ್ತು. ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. 1815ರ ಹೊತ್ತಿಗೆ ಫ್ರಾನ್ಸಿನ ಷೆವ್ರಲ್ ಅದಕ್ಕೆ ಹೆಸರಿಟ್ಟ. ಗ್ರೀಕಿನ 'ಪಿತ್ತ' ಮತ್ತು 'ಗಟ್ಟಿ' ಎಂಬ ಎರಡು ಮಾತು ಸೇರಿಸಿ. ನಮ್ಮ ಪ್ರತಿಯೊಂದು ಜೀವಕೋಶದ ಹೊರಪೊರೆ ಹದವಾಗಿ ನಿಲ್ಲುವುದು ಇದರಿಂದ. ಊಟದ ಜಿಡ್ಡು ಅರಗಿಸುವ ಪಿತ್ತರಸ ಆಗುವುದು ಇದರಿಂದ. ಗಂಡಸಿನ ಟೆಸ್ಟೊಸ್ಟಿರಾನ್, ಹೆಂಗಸಿನ ಈಸ್ಟ್ರೊಜನ್, ಒತ್ತಡದಲ್ಲಿ ಏರುವ ಕಾರ್ಟಿಸಾಲ್, ಈ ಹಾರ್ಮೋನುಗಳಿಗೆಲ್ಲ ಇದೇ ಮೂಲ. ಬೆಳಗಿನ ಬಿಸಿಲಿಗೆ ಮೈಯೊಡ್ಡಿದರೆ ಡಿ ವಿಟಮಿನ್ ಬರುತ್ತದೆ ಅನ್ನುತ್ತೇವಲ್ಲ, ಅದು ತಯಾರಾಗುವುದೂ ಚರ್ಮದಲ್ಲಿರುವ ಇದರ ಹತ್ತಿರದ ನೆಂಟನಿಂದ. ಇನ್ನು ಮಿದುಳು. ಮೈತೂಕದ ನೂರರಲ್ಲಿ ಎರಡು ಪಾಲು ಮಾತ್ರ ಇರುವ ಮಿದುಳಿನಲ್ಲಿ ಮೈಯ ಕೊಲೆಸ್ಟ್ರಾಲಿನ ಐದನೇ ಒಂದು ಪಾಲಿಗಿಂತ ಕಡಿಮೆಯಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಜಿಡ್ಡು ರಕ್ತದಲ್ಲಿ ಕರಗುವುದಿಲ್ಲ. ಹಾಗಾಗಿ ಅದು ಪ್ರೋಟೀನಿನ ಗಾಡಿಯಲ್ಲಿ ಓಡಾಡಬೇಕು. ಎಲ್‌ಡಿಎಲ್, ಎಚ್‌ಡಿಎಲ್ ಅನ್ನುವುದು ಆ ಗಾಡಿಗಳ ಹೆಸರು. 'ಒಳ್ಳೆಯದು', 'ಕೆಟ್ಟದ್ದು' ಅಂತ ಎರಡು ಜಾತಿಯ ಕೊಲೆಸ್ಟ್ರಾಲ್ ಇಲ್ಲ. ಸರಕು ಒಂದೇ, ಗಾಡಿ ಬೇರೆ. ರಕ್ತದಲ್ಲಿ ಸುತ್ತುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಕೊಕ್ಕೆಗಳು ಜೀವಕೋಶಗಳ ಮೇಲಿರುತ್ತವೆ. ಲಿವರಿನಲ್ಲಿ ಇವು ಜಾಸ್ತಿ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರಿಗೆ 1985ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕೇ. ಕೆಲವರಿಗೆ ಈ ಕೊಕ್ಕೆಯ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಅವರು ಬಡಕಲಾಗಿದ್ದರೂ, ಸೊಪ್ಪುಸದೆ ತಿಂದುಕೊಂಡಿದ್ದರೂ ಎಲ್‌ಡಿಎಲ್ ಏರುತ್ತದೆ.

ಉಳಿದವರಲ್ಲಿ ಈ ಕೊಕ್ಕೆಗಳನ್ನು ಕಡಿಮೆ ಮಾಡುವುದು ಯಾವುದು ಗೊತ್ತಾ? ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪದ ಹಾಗೆ ತಂಪಿಗೆ ಗಟ್ಟಿಯಾಗುವ ಬಗೆಯದು. ಎಳೆದುಕೊಳ್ಳುವವರಿಲ್ಲದೆ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ, ನಿಧಾನಕ್ಕೆ ರಕ್ತನಾಳದ ಗೋಡೆಯೊಳಗೆ ಸೇರುತ್ತದೆ. ಪಾಮ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಇದೇ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಂತೂ ನೂರಕ್ಕೆ 90ರ ಹತ್ತಿರ. ಕೊಲೆಸ್ಟ್ರಾಲ್ ಇಲ್ಲದ ಎಣ್ಣೆಯೇ ರಕ್ತದ ಕೊಲೆಸ್ಟ್ರಾಲ್ ಏರಿಸುವ ದಾರಿ ಇದು.

ನಮ್ಮ ಅಕ್ಕ ಎಷ್ಟೋ ವರ್ಷ ಮೊಟ್ಟೆಯ ಹಳದಿ ತೆಗೆದು ನಾಯಿಗೆ ಹಾಕುತ್ತಿದ್ದಳು. ಸಂಜೆಯಾದರೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ, 'ಕೊಲೆಸ್ಟ್ರಾಲ್ ಇಲ್ಲದ' ಎಣ್ಣೆಯಲ್ಲಿ ಕರಿದದ್ದು! ನಾಯಿ ಚೆನ್ನಾಗಿ ಮೈ ತುಂಬಿಕೊಂಡಿತು. ಅಕ್ಕನ ಎಲ್‌ಡಿಎಲ್ ಇಳಿಯಲಿಲ್ಲ. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬಾರದು ಎನ್ನುವ ಗೆರೆಯನ್ನು ಅಮೆರಿಕದ ಆಹಾರ ಮಾರ್ಗಸೂಚಿಯೇ 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಹಾಗಂತ ದಿನಾ ಆರು ಮೊಟ್ಟೆ ತಿನ್ನಿ ಅಂತ ನಾನು ಹೇಳುತ್ತಿಲ್ಲ. ಬೆಣ್ಣೆ ದೋಸೆಯ ವಿಷಯ ಎತ್ತಬೇಡಿ, ಅದರಲ್ಲಿ ಕೊಲೆಸ್ಟ್ರಾಲ್, ಸ್ಯಾಚುರೇಟೆಡ್ ಕೊಬ್ಬು ಎರಡೂ ಇವೆ. ದಾವಣಗೆರೆಯಲ್ಲಿದ್ದುಕೊಂಡು ನಾನೂ ಬಿಟ್ಟಿಲ್ಲ, ತಿಂಗಳಿಗೊಮ್ಮೆಗೆ ಇಳಿಸಿದ್ದೇನೆ ಅಷ್ಟೇ.

ಇನ್ನೊಂದು ಮಾತು. 'ಕೊಲೆಸ್ಟ್ರಾಲ್ ಮೈಗೆ ಬೇಕು, ಮಾತ್ರೆ ಬಿಡಿ' ಎನ್ನುವ ಸಂದೇಶಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಮೊದಲರ್ಧ ನಿಜ, ಎರಡನೇ ಅರ್ಧ ಅಪಾಯ. ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆ ಲಿವರಿನ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದಕ್ಕಾಗಿ ಹೆಚ್ಚು ಕೊಕ್ಕೆ ಹಾಕಿ ರಕ್ತದಿಂದ ಎಳೆದುಕೊಳ್ಳುತ್ತದೆ. ಸುಮ್ನೆ ಆರಾಮಿದ್ದೇನೆ ಅಂತ ನಿಲ್ಲಿಸುವಂಥದ್ದಲ್ಲ ಅದು. ರಕ್ತದ ಇನ್ನೊಂದು ಜಿಡ್ಡು ಟ್ರೈಗ್ಲಿಸರೈಡ್ ತೀರಾ ಜಾಸ್ತಿ ಇದ್ದವರ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಟ್ಯೂಬಿನಲ್ಲಿ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ. ಎಲ್‌ಡಿಎಲ್ ಮಾತ್ರ ಏರಿದವರದ್ದು ತಿಳಿಯಾಗಿಯೇ ಇರುತ್ತದೆ. ಮೂವತ್ತು ವರ್ಷ ನೋಡಿದ ಕಣ್ಣಿಗೂ ಗೊತ್ತಾಗುವುದಿಲ್ಲ. ಮೈಗೆ ಹೇಗೆ ಗೊತ್ತಾಗಬೇಕು?

ಅಂಗಡಿಯಲ್ಲಿ ಆ ಹೆಣ್ಣುಮಗಳಿಗೆ ಪ್ಯಾಕೆಟ್ ತಿರುಗಿಸಿ ಸ್ಯಾಚುರೇಟೆಡ್ ಕೊಬ್ಬಿನ ಸಾಲು ತೋರಿಸಲು ಹೋದೆ. ಅಕ್ಷರ ಸಾಸಿವೆಗಿಂತ ಸಣ್ಣದು, ಅದೂ ಇಂಗ್ಲಿಷಿನಲ್ಲಿ. ನನ್ನ ಕನ್ನಡಕಕ್ಕೂ ಸಿಗಲಿಲ್ಲ. ಕೊನೆಗೆ ಅಂಗಡಿ ಹುಡುಗ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದ. 'ಕೊಲೆಸ್ಟ್ರಾಲ್ ಇಲ್ಲ' ಎನ್ನಲು ಮುಂದೆ ಅಷ್ಟು ಜಾಗ ಇರುವವರು ಈ ಒಂದು ಸಾಲನ್ನೂ ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಹಾಕಲಿ. ನಿಮ್ಮ ಪತ್ರಿಕೆಯ ಅಡುಗೆ ಪುಟದಲ್ಲೂ 'ಕೊಲೆಸ್ಟ್ರಾಲ್ ಮುಕ್ತ ತಿಂಡಿ' ಎಂಬ ತಲೆಬರಹ ಬಿಟ್ಟು, ಯಾವ ಎಣ್ಣೆ, ಎಷ್ಟು ಚಮಚ ಅಂತ ಬರೆಯಿರಿ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್
ದಾವಣಗೆರೆ