ಅಭ್ಯರ್ಥಿಯ ಬೆನ್ನಿಗೆ ಮತದಾರರು ನಿಲ್ಲಲಿ

ಮಾನ್ಯರೇ,

ಮತದಾನದ ಪ್ರಮಾಣದಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಸದಾ ಮುಂದಿರುವುದು ಸಂತೋಷದ ವಿಷಯ. ಆದರೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಲ್ಲಿಗೆ ನಮ್ಮ ಹೊಣೆ ಮುಗಿಯುವುದಿಲ್ಲ. ಜಿದ್ದಾಜಿದ್ದಿಯ ಕ್ಷೇತ್ರಗಳಲ್ಲಿ, ಪಕ್ಷ ಯಾವುದೇ ಇರಲಿ, ಯೋಗ್ಯರೆಂದು ತಮಗೆ ಮನವರಿಕೆಯಾದ ಅಭ್ಯರ್ಥಿಗೆ ಜನಸಾಮಾನ್ಯರು ಕೈಲಾದಷ್ಟು ಹಣವನ್ನೂ ಸಮಯವನ್ನೂ ಬಹಿರಂಗವಾಗಿ ಕೊಡಬೇಕೆಂದು ನನ್ನ ವಿನಂತಿ.

ತಲಪಾಡಿ ದಾಟಿದರೆ ಸಿಗುವ ಕೇರಳದ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು 89 ಮತಗಳಿಂದ. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಒಂದು ಮತದಿಂದ. ಇಂಥ ಕಡೆ ನಾಲ್ಕು ಜನ ಸೇರಿ ಒಂದು ವಠಾರದ ಮನೆಗಳಿಗೆ ಹೋಗಿ ಮಾತಾಡಿದರೂ ಫಲಿತಾಂಶ ಬದಲಾಗಬಹುದು.

2022ರಲ್ಲಿ ಪರಿಷ್ಕರಿಸಿದಂತೆ ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂ., ಲೋಕಸಭೆಗೆ 95 ಲಕ್ಷ ರೂ.; ಪಕ್ಷಗಳ ಖರ್ಚಿಗಂತೂ ಮಿತಿಯೇ ಇಲ್ಲ. ಸ್ವಂತ ದುಡ್ಡಿಲ್ಲದ ಪ್ರಾಮಾಣಿಕರು ಗುತ್ತಿಗೆದಾರರ, ಭೂವ್ಯವಹಾರದವರ ಬಾಗಿಲು ತಟ್ಟಿದರೆ, ಗೆದ್ದ ಮೇಲೂ ಆ ಹಂಗು ತೀರುವುದಿಲ್ಲ. ದಾನಿಗಳ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿ ಮತದಾರರ ತಿಳಿಯುವ ಹಕ್ಕನ್ನು ಎತ್ತಿಹಿಡಿದಿದೆ. ಊರಿನ ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆ ಸಲ್ಲಿಸಿ, ರಶೀದಿ ಪಡೆದು ವಂತಿಗೆ ಕೊಡುವ ನಮ್ಮ ಹತ್ತು ಸಮಸ್ತರಿಗೆ ಅಭ್ಯರ್ಥಿಯೊಬ್ಬರಿಗೆ ಐನೂರು ರೂಪಾಯಿ ಕೊಡುವುದು ಭಾರವೇನಲ್ಲ. ಚುನಾವಣಾ ವೆಚ್ಚಕ್ಕೆಂದೇ ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ನಿಯಮವಿರುವುದರಿಂದ, ಆ ಖಾತೆಗೇ ಕೊಟ್ಟ ಹಣ ದಾಖಲೆಯಲ್ಲಿ ಉಳಿಯುತ್ತದೆ.

ಹಣಕ್ಕಿಂತ ಹೆಚ್ಚಾಗಿ ಬೇಕಾದವರು ಅಭ್ಯರ್ಥಿಯ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರು. ಮತದಾನಕ್ಕೆ 90 ನಿಮಿಷ ಮುಂಚೆ ಅವರೆದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಎಣಿಸಿ, ಅವನ್ನು ಅಳಿಸಿದ ಬಳಿಕವೇ ಯಂತ್ರಕ್ಕೆ ಮೊಹರು ಬೀಳುತ್ತದೆ. ಸಂಜೆ, ದಾಖಲಾದ ಒಟ್ಟು ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಅವರ ಕೈಗೆ ಬರುತ್ತದೆ. ಎಣಿಕೆಯ ದಿನ ಯಂತ್ರ ತೋರಿಸುವ ಸಂಖ್ಯೆಯನ್ನು ತಾಳೆ ನೋಡಲು ಅಭ್ಯರ್ಥಿಯ ಕಡೆಯವರಿಗಿರುವ ಆಧಾರ ಆ ಹಾಳೆಯೇ. ಕಾರ್ಯಕರ್ತರ ಬಲವಿಲ್ಲದ ಅಭ್ಯರ್ಥಿಗೆ ಪ್ರತಿ ಮತಗಟ್ಟೆಗೂ ಜನ ಸಿಗುವುದು ಕಷ್ಟ. ಸರ್ಕಾರಿ ಸೇವೆಯಲ್ಲಿರುವವರು ಏಜೆಂಟರಾಗುವಂತಿಲ್ಲ. ಆದರೆ ಬ್ಯಾಂಕುಗಳ ತವರೆನಿಸಿದ ನಮ್ಮ ಅವಳಿ ಜಿಲ್ಲೆಗಳಲ್ಲಿ, ಜೀವನವಿಡೀ ಲೆಕ್ಕ ತಾಳೆ ನೋಡಿ ನಿವೃತ್ತರಾದವರಿಗೆ ಕೊರತೆಯಿಲ್ಲ. ಅವರು ಮುಂದೆ ಬರಬೇಕು.

ಅಭ್ಯರ್ಥಿಗಳೂ ನಾಮಪತ್ರ ಸಲ್ಲಿಸಿದ ವಾರದೊಳಗೆ ಆ ಖಾತೆಯ ಸಂಖ್ಯೆಯನ್ನೂ, ತಮಗೆ ಏಜೆಂಟರಿಲ್ಲದ ಮತಗಟ್ಟೆಗಳ ಪಟ್ಟಿಯನ್ನೂ ಪತ್ರಿಕೆಗಳಲ್ಲಿ ಪ್ರಕಟಿಸಿ ಜನರ ನೆರವು ಕೇಳಲಿ.

— ಓರ್ವ ಮತದಾರ, ಕಂಕನಾಡಿ, ಮಂಗಳೂರು